ಮುಖಕ್ಕೆ ಕಾಪು, ಬೆನ್ನಿಗೆ ಚೂರಿ: ಹಳೆಯ ಪತ್ರಿಕೆಗಳ ಸಂರಕ್ಷಣಾ ಕಿಟ್ ಬಳಸಿ ನೋಡಿದ ಮೇಲೆ

ಚಿತ್ರಿತ ಮುಖಪುಟಗಳಿರುವ ಹಳೆಯ ಪತ್ರಿಕೆಗಳನ್ನು ಸಂಗ್ರಹಿಸುವವರಿಗಾಗಿಯೇ ತಯಾರಿಸಿದ್ದೆಂದು ಹೇಳಿ ಮಾರುವ ಒಂದು ಸಂರಕ್ಷಣಾ ಕಿಟ್ಟನ್ನು ನಾನು ಕಳೆದ ಹದಿನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಅದರಲ್ಲಿ ಎರಡು ಅಳತೆಯ 50 ಪಾರದರ್ಶಕ ಪಾಲಿಯೆಸ್ಟರ್ ಸ್ಲೀವುಗಳು, ಅಷ್ಟೇ ಸಂಖ್ಯೆಯ ಹಿಂಬದಿ ರಟ್ಟುಗಳು, ಎರಡು ಪೆಟ್ಟಿಗೆಗಳು ಮತ್ತು ಎಂಟು ಪುಟದ ಒಂದು ಕೈಪಿಡಿ ಇದ್ದವು. ತಯಾರಕರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ಜೋಡಣೆಯನ್ನು ಬೇರೆ ಬೇರೆ ಹೆಸರಿನಲ್ಲಿ ಹಲವರು ಮಾರುವುದರಿಂದ, ಕೊಳ್ಳುವವರು ಯಾವುದನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಮಾತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಸ್ಲೀವುಗಳು ಅತ್ಯುತ್ತಮ, ಪೆಟ್ಟಿಗೆ ಪರವಾಗಿಲ್ಲ, ರಟ್ಟನ್ನು ಪತ್ರಿಕೆಯ ಹತ್ತಿರವೂ ಸುಳಿಯಗೊಡಬಾರದು.

ಕಿಟ್ಟಿನೊಳಗೆ ನಾನು ಏನನ್ನು ಇಟ್ಟೆ ಎಂಬುದನ್ನು ಹೇಳದೆ ಈ ತೀರ್ಮಾನಕ್ಕೆ ಅರ್ಥವಿಲ್ಲ. ನನ್ನ ಸಂಗ್ರಹದ ಹೆಚ್ಚಿನ ಪಾಲು ಅಮೆರಿಕದ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಸಂಚಿಕೆಗಳು. 1899ರಿಂದ 1943ರವರೆಗೆ ಜೆ. ಸಿ. ಲೈಯೆನ್‌ಡೆಕರ್, 1916ರಿಂದ 1963ರವರೆಗೆ ನಾರ್ಮನ್ ರಾಕ್‌ವೆಲ್ ಅದಕ್ಕೆ ತಲಾ ಮುನ್ನೂರಕ್ಕೂ ಹೆಚ್ಚು ಮುಖಪುಟಗಳನ್ನು ಬರೆದರು. ಬಹುಕಾಲದವರೆಗೆ ಆ ಪತ್ರಿಕೆಯ ಮುಖಪುಟ ಕಪ್ಪು ಮತ್ತು ಕೆಂಪು ಎಂಬ ಎರಡೇ ಶಾಯಿಯಲ್ಲಿ ಅಚ್ಚಾಗುತ್ತಿತ್ತು. ಪೂರ್ಣ ವರ್ಣದ ಮೊದಲ ಮುಖಪುಟ 1926ರ ಫೆಬ್ರವರಿ 6ರ ಸಂಚಿಕೆಯದು, ಅದೂ ರಾಕ್‌ವೆಲ್ ಬರೆದದ್ದೇ. ಎರಡೇ ಬಣ್ಣದ ಕಟ್ಟಿನೊಳಗೆ ಮಗುವಿನ ಕೆನ್ನೆಯ ಕೆಂಪನ್ನೂ ಕಂಬಳಿಯ ಕೆಂಪನ್ನೂ ಬೇರೆಬೇರೆಯಾಗಿ ಕಾಣಿಸಿದ ಆ ಹಿಂದಿನ ಮುಖಪುಟಗಳೇ ನನಗೆ ಹೆಚ್ಚು ಪ್ರಿಯ ಎಂಬುದು ಬೇರೆ ವಿಷಯ. ಇವಲ್ಲದೆ, 1936ರಲ್ಲಿ ಛಾಯಾಚಿತ್ರ ಪತ್ರಿಕೆಯಾಗುವ ಮೊದಲು ಹಾಸ್ಯಪತ್ರಿಕೆಯಾಗಿದ್ದ ಹಳೆಯ 'ಲೈಫ್'ನ ಕೆಲವು ಸಂಚಿಕೆಗಳು, 'ನ್ಯೂಯಾರ್ಕರ್'ನ ಒಂದು ಕಟ್ಟು, ಮ್ಯೂನಿಕ್‌ನಿಂದ 1896ರಲ್ಲಿ ಆರಂಭವಾಗಿ ಒಂದು ಕಲಾಶೈಲಿಗೇ ತನ್ನ ಹೆಸರು ಕೊಟ್ಟ 'ಯುಗೆಂಡ್' ಪತ್ರಿಕೆಯ ಬಿಡಿ ಪ್ರತಿಗಳು ಮತ್ತು ಎಲ್ಲಕ್ಕಿಂತ ಹೆಚ್ಚು ಆತಂಕ ಕೊಡುವ ಹನ್ನೆರಡು ಪಲ್ಪ್ ಪತ್ರಿಕೆಗಳು ನನ್ನಲ್ಲಿವೆ.

ಪಲ್ಪ್, ಅಂದರೆ ತಿರುಳು, ಎಂಬ ಹೆಸರಿನಲ್ಲೇ ಆತಂಕದ ಕಾರಣವಿದೆ. 1923ರಲ್ಲಿ ಆರಂಭವಾದ 'ವಿಯರ್ಡ್ ಟೇಲ್ಸ್', 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಹೊರತಂದ 'ಅಮೇಜಿಂಗ್ ಸ್ಟೋರೀಸ್' ಮೊದಲಾದ ಪತ್ರಿಕೆಗಳು ಅಂಗಡಿಯ ಮುಂದೆ ಹೋಗುವವರ ಕಣ್ಣು ಸೆಳೆಯಲೆಂದು ಮುಖಪುಟಕ್ಕೆ ನಯವಾದ, ಹೊಳಪಿನ ಕಾಗದವನ್ನು ಬಳಸುತ್ತಿದ್ದವು. ಒಳಪುಟಗಳಿಗೆ ಮಾತ್ರ ಮರವನ್ನು ಯಂತ್ರದಲ್ಲಿ ಅರೆದು ತಯಾರಿಸಿದ ಅತ್ಯಂತ ಅಗ್ಗದ ಕಾಗದ. ಹೀಗೆ ಅರೆದ ತಿರುಳಿನಲ್ಲಿ, ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ವಸ್ತು ಹಾಗೆಯೇ ಉಳಿಯುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೂ ಬೆಳಕಿನೊಂದಿಗೂ ಸೇರಿ ಹಳದಿಯಾಗಿ, ಕಂದಾಗಿ, ಜೊತೆಗೆ ಆಮ್ಲವನ್ನೂ ಹುಟ್ಟಿಸುತ್ತದೆ. ಇದು ಸಾಲದೆಂಬಂತೆ, ಶಾಯಿ ಹರಡದಿರಲು ಆ ಕಾಲದ ಕಾಗದಕ್ಕೆ ರಾಳದ ಜೊತೆ ಸೇರಿಸುತ್ತಿದ್ದ ಪಟಿಕವೂ ಆಮ್ಲೀಯವೇ. ಆಮ್ಲವು ಕಾಗದದ ನಾರನ್ನು ತುಂಡು ತುಂಡಾಗಿ ಕಡಿಯುತ್ತಾ ಹೋಗಿ, ಕೊನೆಗೆ ಪುಟ ತಿರುಗಿಸಿದರೆ ಮೂಲೆ ಕೈಯಲ್ಲೇ ಉಳಿಯುವ ಸ್ಥಿತಿ ಬರುತ್ತದೆ.

ಮುಖಪುಟಕ್ಕಾಗಿಯೇ ಪತ್ರಿಕೆ ಕೊಳ್ಳುವ ನಾವು ಸಾಮಾನ್ಯವಾಗಿ ಎದುರಿನಿಂದ ಬರುವ ಅಪಾಯವನ್ನಷ್ಟೇ ಲೆಕ್ಕ ಹಾಕುತ್ತೇವೆ: ಧೂಳು, ಬೆರಳಿನ ಎಣ್ಣೆ, ಗೀರು. ಆದರೆ ಚಿತ್ರಕ್ಕೆ ನಿಜವಾದ ಶತ್ರು ಅದರ ಬೆನ್ನ ಹಿಂದೆ, ನೂರಕ್ಕೂ ಹೆಚ್ಚು ಪುಟಗಳ ಕಟ್ಟಿನ ರೂಪದಲ್ಲಿ ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಇಂಥ ಕಿಟ್ಟನ್ನು ಅಳೆಯಬೇಕಾದದ್ದು ಅದು ಮುಖಪುಟವನ್ನು ಎಷ್ಟು ಚೆನ್ನಾಗಿ ತೋರಿಸುತ್ತದೆ ಎಂಬುದರಿಂದಲ್ಲ. ಹಿಂದಿರುವ ಆಮ್ಲಕ್ಕೆ ಅದು ಏನು ಮಾಡುತ್ತದೆ, ಅಥವಾ ತಾನೇ ಇನ್ನಷ್ಟು ಆಮ್ಲ ಸೇರಿಸುತ್ತದೆಯೇ ಎಂಬುದರಿಂದ.

ಮೊದಲು ಸ್ಲೀವಿನ ವಿಚಾರ. ಇದಕ್ಕೆ ಮುಂಚೆ ನಾನು ಬಳಸುತ್ತಿದ್ದುದು ಒಂದು ಆಲ್ಬಮ್ಮಿನ ಮೆತ್ತನೆಯ, ಹೊಸ ಮಳೆ ಅಂಗಿಯ ವಾಸನೆ ಬರುವ ಪ್ಲಾಸ್ಟಿಕ್ ಚೀಲಗಳನ್ನು. ಅದು ಪಿವಿಸಿ ಎಂದು ತಿಳಿಯುವ ಹೊತ್ತಿಗೆ ಎರಡು 'ಲೈಫ್' ಸಂಚಿಕೆಗಳ ಮುಖಪುಟದ ಕಪ್ಪು ಶಾಯಿ ಚೀಲದ ಒಳಮೈಗೆ ಕನ್ನಡಿ ಬಿಂಬದಂತೆ ಅಂಟಿಕೊಂಡಿತ್ತು. ಪಿವಿಸಿಯನ್ನು ಮೆದುವಾಗಿಸಲು ಬೆರೆಸುವ ಎಣ್ಣೆಯಂಥ ರಾಸಾಯನಿಕ ಕಾಲಕ್ರಮದಲ್ಲಿ ಮೇಲ್ಮೈಗೆ ಒಸರಿ ಶಾಯಿಯನ್ನು ಕರಗಿಸುತ್ತದೆ. ಪ್ಲಾಸ್ಟಿಕ್ ತಾನೇ ಕೆಡುತ್ತಾ ಹೋದಂತೆ ಹೈಡ್ರೊಕ್ಲೋರಿಕ್ ಆಮ್ಲವನ್ನೂ ಹೊರಬಿಡುತ್ತದೆ. ಕೈಗೆ ಜಿಗುಟೆನಿಸುವ, ಮೂಗಿಗೆ ವಾಸನೆ ಬಡಿಯುವ ಯಾವ ಚೀಲವನ್ನೂ ಅದರ ಮೇಲೆ 'ಸಂರಕ್ಷಣೆ' ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ನಂಬಬಾರದು.

ಈ ಕಿಟ್ಟಿನ ಸ್ಲೀವು ಅಂಥದ್ದಲ್ಲ. ಇದು ಯಾವ ಲೇಪವೂ ಇಲ್ಲದ, ಮೆದುಕಾರಕ ಸೇರಿಸದ ಪಾಲಿಯೆಸ್ಟರ್ ಹಾಳೆ. ಸಂಗ್ರಾಹಕರ ಮಾತಿನಲ್ಲಿ ಇದಕ್ಕೆ ಮೈಲಾರ್ ಎಂಬ ಹೆಸರೇ ನಿಂತುಬಿಟ್ಟಿದೆ, ಆದರೆ ಅದು ಡ್ಯುಪಾಂಟ್ ಕಂಪನಿ ಬಳಕೆಗೆ ತಂದ ಒಂದು ವ್ಯಾಪಾರನಾಮ ಮಾತ್ರ. ಅದೇ ಗುಣದ ಹಾಳೆಗಳು ಬೇರೆ ಹೆಸರಿನಲ್ಲೂ ಸಿಗುತ್ತವೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ತೆಳುವಾದ ತಗಡಿನಂತೆ ಸದ್ದು ಮಾಡುವುದು, ಮಡಿಸಿ ಬಿಟ್ಟರೆ ತಟ್ಟನೆ ನೆಟ್ಟಗಾಗುವುದು, ಗಾಜಿನಷ್ಟೇ ತಿಳಿಯಾಗಿರುವುದು ಇದರ ಗುರುತು. ಪಾಲಿಪ್ರೊಪಿಲೀನ್ ಸ್ಲೀವೂ ಸುರಕ್ಷಿತವೇ, ಅಗ್ಗವೂ ಹೌದು. ಆದರೆ ಅದು ಮೆದು, ಬೇಗ ಸುಕ್ಕಾಗುತ್ತದೆ, ಮತ್ತು ಭಾರವಾದ ಸಂಚಿಕೆಯ ಬೆನ್ನು ಬಾಗದಂತೆ ತಡೆಯುವ ಬಿಗಿ ಅದಕ್ಕಿಲ್ಲ. ಕಿಟ್ಟಿನ ಹಾಳೆಯ ದಪ್ಪ 0.1 ಮಿಲಿಮೀಟರ್ ಎಂದು ಬರೆದಿದೆ. ಹತ್ತು ಪದರಗಳನ್ನು ಒಟ್ಟಿಗೆ ಹಿಡಿದು ಅಳೆದಾಗ ಹೆಚ್ಚುಕಡಿಮೆ ಒಂದು ಮಿಲಿಮೀಟರೇ ಬಂತು. ದೊಡ್ಡ ಅಳತೆಯ ಪತ್ರಿಕೆಗೆ ಇಷ್ಟು ದಪ್ಪ ಬೇಕೇ ಬೇಕು. ಇದರ ಅರ್ಧ ದಪ್ಪದ ಹಾಳೆ ಸಣ್ಣ ಸಂಚಿಕೆಗಳಿಗೆ ಸಾಕಾದೀತು.

ಒಂದು ಬಗೆಯ ಎಚ್ಚರಿಕೆ ಇಲ್ಲಿ ಅಗತ್ಯ. ಪಾಲಿಯೆಸ್ಟರಿಗೆ ಸ್ಥಾಯಿ ವಿದ್ಯುತ್ತಿನ ಸೆಳೆತ ಹೆಚ್ಚು. ಅಚ್ಚಾದ ಮುಖಪುಟಕ್ಕೆ ಇದರಿಂದ ತೊಂದರೆಯಿಲ್ಲ, ಬದಲಿಗೆ ಸಡಿಲವಾದ ಮುಖಪುಟ ಜಾರದಂತೆ ಹಿಡಿದಿಡಲು ಸಹಾಯವೇ ಆಗುತ್ತದೆ. ಆದರೆ ಮುಖಪುಟಗಳ ಜೊತೆಗೆ ಮೂಲ ಚಿತ್ರಗಳನ್ನೂ ಸಂಗ್ರಹಿಸುವ ಅದೃಷ್ಟವಂತರು ಇದ್ದರೆ ಅವರು ನೆನಪಿಡಬೇಕು: 1930ರ ದಶಕದಲ್ಲಿ 'ವಿಯರ್ಡ್ ಟೇಲ್ಸ್'ನ ಅತ್ಯಂತ ಹೆಸರಾದ ಮುಖಪುಟಗಳನ್ನು ಬರೆದ ಮಾರ್ಗರೆಟ್ ಬ್ರಂಡೇಜ್ ಕೆಲಸ ಮಾಡುತ್ತಿದ್ದುದು ಪ್ಯಾಸ್ಟೆಲ್‌ನಲ್ಲಿ, ಮತ್ತು ಪ್ಯಾಸ್ಟೆಲ್ ಎಂದರೆ ಕಾಗದದ ಮೇಲೆ ಹಗುರವಾಗಿ ಕುಳಿತ ಬಣ್ಣದ ಪುಡಿ. ಅಂಥ ಚಿತ್ರವನ್ನು ಪಾಲಿಯೆಸ್ಟರಿನೊಳಗೆ ಹಾಕಿದರೆ ಪುಡಿ ಕಾಗದ ಬಿಟ್ಟು ಹಾಳೆಗೆ ಹತ್ತಿಕೊಳ್ಳುತ್ತದೆ. ಕೈಪಿಡಿಯಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ.

ಸ್ಲೀವಿನ ಬಾಯಿ ಉದ್ದದ ಬದಿಯಲ್ಲಿದೆ, ಇದು ಒಳ್ಳೆಯ ಯೋಚನೆ. ಪಲ್ಪ್ ಪತ್ರಿಕೆಗಳ ಮುಖಪುಟ ಒಳಪುಟಗಳಿಗಿಂತ ತುಸು ದೊಡ್ಡದಾಗಿ ಹೊರಚಾಚಿರುತ್ತದೆ. ಆಸರೆಯಿಲ್ಲದ ಆ ಅಂಚೇ ಮೊದಲು ಹರಿಯುವುದು, ಬಿರಿದು ಉದುರುವುದು. ಗಿಡ್ಡ ಬದಿಯಿಂದ ತೂರಿಸುವ ಸ್ಲೀವಿನಲ್ಲಿ ಈ ಅಂಚು ಪೂರ್ತಿ ಉದ್ದಕ್ಕೂ ಉಜ್ಜಿಕೊಂಡು ಸಾಗಬೇಕು. ಇಲ್ಲಿ ಹಾಗಿಲ್ಲ: ಪತ್ರಿಕೆಯ ಬೆನ್ನನ್ನು ಮುಂದುಮಾಡಿ ಅಡ್ಡಲಾಗಿ ಒಳಗಿಟ್ಟರೆ ಕೆಲಸ ಮುಗಿಯಿತು. ನಾನು ಮುಖಪುಟದ ಮೇಲೊಂದು ತೆಳು ಕಾಗದವಿಟ್ಟು ಎರಡನ್ನೂ ಒಟ್ಟಿಗೆ ತೂರಿಸಿ, ಪತ್ರಿಕೆ ನೆಲೆಗೆ ಬಂದ ಮೇಲೆ ಕಾಗದವನ್ನು ಮಾತ್ರ ಹೊರಗೆ ಎಳೆಯುತ್ತೇನೆ. ಹನ್ನೆರಡು ಪಲ್ಪ್ ಸಂಚಿಕೆಗಳಲ್ಲಿ ಒಂದರ ಅಂಚೂ ಈ ಕೆಲಸದಲ್ಲಿ ಹರಿಯಲಿಲ್ಲ. ಸ್ಲೀವಿನ ಮೂಲೆಗಳು ಮಾತ್ರ ಚೂಪಾಗಿವೆ; ಪಕ್ಕದ ಸ್ಲೀವನ್ನು ಗೀಚುತ್ತವೆ, ಬೆರಳನ್ನೂ. ಉಗುರು ಕತ್ತರಿಯಿಂದ ಒಂದೊಂದನ್ನೂ ಸ್ವಲ್ಪ ದುಂಡಗೆ ಮಾಡಿಕೊಳ್ಳುವುದಕ್ಕೆ ಒಂದು ಸಂಜೆ ಹಿಡಿಯಿತು.

ಪೊಟ್ಟಣದ ಮೇಲೆ 'ಬಣ್ಣ ಮಾಸದಂತೆ ಕಾಪಾಡುತ್ತದೆ' ಎಂದು ಅಚ್ಚಾಗಿರುವುದನ್ನು ಒಪ್ಪಲಾಗದು. ಸಾಮಾನ್ಯ ಪಾಲಿಯೆಸ್ಟರ್ ಹಾಳೆ ಬಣ್ಣಕ್ಕೆ ಹಾನಿ ಮಾಡುವ ಬೆಳಕಿನ ಬಹುಪಾಲನ್ನು ಹಾಗೆಯೇ ಒಳಬಿಡುತ್ತದೆ, ಮತ್ತು ಅತಿನೇರಳೆ ಕಿರಣವನ್ನು ಪೂರ್ತಿ ತಡೆದರೂ ಕಣ್ಣಿಗೆ ಕಾಣುವ ಬೆಳಕೇ ಶಾಯಿಯನ್ನು ಮಾಸಿಸಬಲ್ಲದು. ಹಳೆಯ ಮುಖಪುಟಗಳಲ್ಲಿ ಕೆಂಪು, ಹಳದಿ ಬಣ್ಣಗಳು ಮೊದಲು ಸೋಲುತ್ತವೆ, ನೀಲಿ ಮತ್ತು ಕಪ್ಪು ಉಳಿದುಕೊಳ್ಳುತ್ತವೆ. ಕಿಟಕಿಯ ಎದುರಿನ ಗೋಡೆಯಲ್ಲಿ ಬಹುದಿನ ನೇತಾಡಿದ ಮುಖಪುಟಕ್ಕೆ ಮುಳುಗಿದ ಹಡಗಿನಿಂದ ಎತ್ತಿ ತಂದಂಥ ನೀಲಿ ಛಾಯೆ ಬರುವುದು ಅದಕ್ಕಾಗಿಯೇ. ವಸ್ತುಸಂಗ್ರಹಾಲಯಗಳು ಇಂಥ ಕಾಗದವನ್ನು ಪ್ರದರ್ಶಿಸುವಾಗ ಬೆಳಕನ್ನು 50 ಲಕ್ಸ್‌ನ ಆಸುಪಾಸಿಗೆ ಇಳಿಸುತ್ತವೆ, ಅದನ್ನೂ ಕೆಲವು ತಿಂಗಳಿಗೆ ಸೀಮಿತಗೊಳಿಸುತ್ತವೆ. ಸ್ಲೀವು ಹಾಕಿದ್ದೇನೆಂಬ ಧೈರ್ಯದಿಂದ ಗೋಡೆಗೆ ತೂಗುಹಾಕುವವರು ಮೋಸಹೋಗುತ್ತಾರೆ. ಗೋಡೆಗೆ ಒಂದು ಒಳ್ಳೆಯ ನಕಲು ಪ್ರತಿ ಸಾಕು.

ಇನ್ನು ರಟ್ಟು. 'ಆಮ್ಲರಹಿತ' ಎಂಬ ಮಾತು ಪೊಟ್ಟಣದ ಮೇಲೆ ಮೂರು ಕಡೆ ಇದೆ. ನೋಡಲು ಎರಡೂ ಬದಿ ಅಚ್ಚ ಬಿಳಿ, ಮುಟ್ಟಲು ನಯ. ನಾನು ರಟ್ಟನ್ನು ಪರೀಕ್ಷಿಸಲು ಬಳಸಿದ್ದು ಕಾಗದದ ಆಮ್ಲಗುಣವನ್ನು ತೋರಿಸುವ ಸೂಚಕ ಪೆನ್ನನ್ನು. ಅದರ ಗೆರೆ ಕ್ಷಾರೀಯ ಕಾಗದದ ಮೇಲೆ ನೇರಳೆಯಾಗುತ್ತದೆ, ಆಮ್ಲೀಯ ಕಾಗದದ ಮೇಲೆ ಹಳದಿಯಾಗಿಯೇ ಉಳಿಯುತ್ತದೆ. ಗುರುತು ಅಳಿಸಲಾಗದ್ದಾದ್ದರಿಂದ ಇದನ್ನು ರಟ್ಟಿನ ಮೇಲಷ್ಟೇ ಬಳಸಬೇಕು, ಪತ್ರಿಕೆಯ ಮೇಲೆ ಎಂದೂ ಅಲ್ಲ. ರಟ್ಟಿನ ಮೇಲ್ಮೈ ಮೇಲೆ ಗೆರೆ ಎಳೆದ ಕೂಡಲೇ ಸುಂದರವಾದ ನೇರಳೆ ಬಣ್ಣ ಬಂತು. ಸಮಾಧಾನದಿಂದ ಪೆನ್ನಿಗೆ ಮುಚ್ಚಳ ಹಾಕಬೇಕೆನ್ನುವಾಗ, ಒಂದು ರಟ್ಟನ್ನು ಹರಿದು ಒಳಗೂ ನೋಡೋಣವೆನಿಸಿತು. ಬಿಳಿಯ ಎರಡು ಚರ್ಮಗಳ ನಡುವೆ ಇದ್ದದ್ದು ಬೂದುಬಣ್ಣದ, ಹಳೆಯ ಸುದ್ದಿಪತ್ರಿಕೆಯನ್ನು ಅರೆದು ಮಾಡಿದಂಥ ತಿರುಳು. ಅದರ ಮೇಲೆ ಎಳೆದ ಗೆರೆ ಹಳದಿಯಾಗಿಯೇ ಉಳಿಯಿತು. ಬೇರೆ ಬೇರೆ ಕಟ್ಟಿನಿಂದ ತೆಗೆದ ಐದು ರಟ್ಟುಗಳಲ್ಲೂ ಅದೇ ಕಥೆ.

ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು ಮೇಲ್ಮೈಗೆ ಮಾತ್ರ ಬಳಿದಿದ್ದಾರೆ. ಒಳ್ಳೆಯ ಸಂರಕ್ಷಣಾ ರಟ್ಟಿನಲ್ಲಿ ಈ ಕ್ಷಾರವು ತಿರುಳಿನಲ್ಲೇ ಬೆರೆತು ದಪ್ಪದುದ್ದಕ್ಕೂ ಹರಡಿರುತ್ತದೆ, ಸಾಮಾನ್ಯವಾಗಿ ತೂಕದ ಶೇ. 3ರಷ್ಟು, ಮತ್ತು ಆ ತಿರುಳಿನಲ್ಲಿ ಲಿಗ್ನಿನ್ ಇರುವುದಿಲ್ಲ. ಮೇಲ್ಮೈಗೆ ಬಳಿದ ಕ್ಷಾರ ಕೆಲವು ವರ್ಷ ಆಮ್ಲವನ್ನು ತಡೆಯಬಹುದು. ಆದರೆ ಅದಕ್ಕೆ ಪತ್ರಿಕೆಯ ಕಡೆಯಿಂದ ಬರುವ ಆಮ್ಲವನ್ನೂ ತನ್ನದೇ ಹೊಟ್ಟೆಯಿಂದ ಏಳುವ ಆಮ್ಲವನ್ನೂ ಒಟ್ಟಿಗೆ ಎದುರಿಸಬೇಕಾಗುತ್ತದೆ, ಮತ್ತು ಅದು ಮುಗಿದುಹೋದದ್ದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. 'ಆಮ್ಲರಹಿತ' ಎಂಬ ಒಂದು ಪದ ಹೇಳುವುದು ತಯಾರಾದ ದಿನದ ಸ್ಥಿತಿಯನ್ನು ಮಾತ್ರ. ಕೊಳ್ಳುವವರು ಹುಡುಕಬೇಕಾದ ಮಾತುಗಳು 'ಲಿಗ್ನಿನ್‌ರಹಿತ' ಮತ್ತು 'ಪೂರ್ತಿ ದಪ್ಪಕ್ಕೆ ಕ್ಷಾರಯುಕ್ತ' ಎಂಬಂಥವು. ಸಂರಕ್ಷಣಾ ಸಾಮಗ್ರಿಗಳ ಮೇಲೆ ನಡೆಸುವ ಐಎಸ್‌ಒ 18916 ಪರೀಕ್ಷೆಯ ಉಲ್ಲೇಖವಿದ್ದರೆ ಇನ್ನೂ ಒಳ್ಳೆಯದು.

ರಟ್ಟಿನ ವಿಷಯದಲ್ಲಿ ನಾನು ಇಷ್ಟು ಕಟುವಾಗುವುದಕ್ಕೆ ಮತ್ತೊಂದು ಕಾರಣವಿದೆ. ಆಮ್ಲೀಯ ಕಾಗದವನ್ನು ಪಾಲಿಯೆಸ್ಟರಿನ ನಡುವೆ ನಾಲ್ಕೂ ಬದಿ ಮುಚ್ಚಿಟ್ಟರೆ ಅದು ತೆರೆದಿಟ್ಟ ಕಾಗದಕ್ಕಿಂತ ಬೇಗ ಹಾಳಾಗಬಲ್ಲದು. ಕಾಗದದಿಂದ ಏಳುವ ಆಮ್ಲದ ಆವಿಗೆ ಹೊರಹೋಗಲು ದಾರಿ ಇರುವುದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂರಕ್ಷಣಾ ಪ್ರಯೋಗಗಳಲ್ಲಿ ಕಂಡ ಸಂಗತಿ ಇದು. ಜೊತೆಯಲ್ಲಿ ಕ್ಷಾರಯುಕ್ತ ಹಾಳೆಯೊಂದನ್ನು ಇಡುವುದು ಈ ಕಾರಣಕ್ಕಾಗಿಯೇ. ಹಾಗೆಂದಮೇಲೆ ಸ್ಲೀವಿನೊಳಗಿನ ರಟ್ಟು ಬೆನ್ನಿಗೆ ಆಸರೆ ಕೊಡುವ ಹಲಗೆಯಷ್ಟೇ ಅಲ್ಲ, ಆ ಪುಟ್ಟ ಕೋಣೆಯಲ್ಲಿ ಆಮ್ಲವನ್ನು ಹೀರಿಕೊಳ್ಳಬೇಕಾದ ಏಕೈಕ ವಸ್ತು. ಕಾವಲಿಗೆಂದು ಇಟ್ಟವನೇ ಕಳ್ಳನಾದರೆ ಸ್ಲೀವು ಎಷ್ಟು ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಇನ್ನೂ ನೇರವಾಗಿ ಹೇಳಬೇಕೆಂದರೆ, ಸ್ಲೀವು ಒಳ್ಳೆಯದಿದ್ದಷ್ಟೂ ಕಳ್ಳನಿಗೆ ಅನುಕೂಲ.

ಹದಿನಾಲ್ಕು ತಿಂಗಳಲ್ಲಿ ನನ್ನ ಪತ್ರಿಕೆಗಳಿಗೆ ಕಣ್ಣಿಗೆ ಕಾಣುವಂಥ ಹಾನಿ ಆಗಿದೆಯೆಂದು ಹೇಳಲಾರೆ. ಈ ಬಗೆಯ ಕೇಡು ಅಷ್ಟು ಬೇಗ ಕಾಣಿಸಿಕೊಳ್ಳುವುದೂ ಇಲ್ಲ. ಆದರೂ ಮೂರನೆಯ ತಿಂಗಳಲ್ಲೇ ಎಲ್ಲ ರಟ್ಟುಗಳನ್ನೂ ತೆಗೆದು ಬೇರೆಡೆಯಿಂದ ತರಿಸಿದ ಕ್ಷಾರಯುಕ್ತ ರಟ್ಟುಗಳನ್ನು ಹಾಕಿದೆ, ಪಲ್ಪ್ ಪತ್ರಿಕೆಗಳಲ್ಲಿ ಮುಖಪುಟಕ್ಕೂ ಮೊದಲ ಒಳಪುಟಕ್ಕೂ ನಡುವೆ ಒಂದು ತೆಳುವಾದ ಕ್ಷಾರಯುಕ್ತ ಕಾಗದವನ್ನೂ ಸೇರಿಸಿದೆ. ಒಂದೇ ಕಾಗದ, ಒಂದೇ ಕಡೆ. ಪ್ರತಿ ಹತ್ತು ಪುಟಕ್ಕೊಂದರಂತೆ ತುರುಕಿದರೆ ಬೆನ್ನು ಉಬ್ಬಿ, ಮುಖಪುಟವನ್ನು ಹಿಡಿದಿರುವ ಹಳೆಯ ಅಂಟು ಬಿರುಕು ಬಿಡುತ್ತದೆ. ತಯಾರಕರಿಗೆ ಹರಿದ ರಟ್ಟಿನ ಛಾಯಾಚಿತ್ರ ಸಹಿತ ಬರೆದಿದ್ದೆ. ಹೊಸ ಕಟ್ಟು ರಟ್ಟು ಕಳಿಸಿದರು, ವಿಳಂಬವಿಲ್ಲದೆ, ವಿನಯದ ಪತ್ರದೊಂದಿಗೆ. ಅದನ್ನೂ ಹರಿದು ನೋಡಿದೆ. ಒಳಗೆ ಬೂದುಬಣ್ಣವೇ.

ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲೆಗಳಿಗೆ ಅಂಟಿನ ಬದಲು ಲೋಹದ ಪಟ್ಟಿ ಬಳಸಿದ್ದಾರೆ, ಮುಚ್ಚಳ ಸಲೀಸಾಗಿ ಕೂರುತ್ತದೆ, ಒಳಗಿನ ರಟ್ಟು ಪೆನ್ನಿನ ಪರೀಕ್ಷೆಯಲ್ಲಿ ಗೆದ್ದಿತು. ಚಿತ್ರದಲ್ಲಿ ಪತ್ರಿಕೆಗಳನ್ನು ನೆಟ್ಟಗೆ ನಿಲ್ಲಿಸಿ ತೋರಿಸಿದ್ದಾರೆ. ಪೆಟ್ಟಿಗೆ ತುಂಬದಿದ್ದರೆ ಹಾಗೆ ನಿಲ್ಲಿಸಿದ ಸಂಚಿಕೆಗಳು ಬಾಗುತ್ತವೆ, ಒಮ್ಮೆ ಬಾಗಿದ ಬೆನ್ನು ಮತ್ತೆ ನೆಟ್ಟಗಾಗುವುದಿಲ್ಲ. 'ಪೋಸ್ಟ್'ನಂಥ ದೊಡ್ಡ, ತೆಳು ಸಂಚಿಕೆಗಳನ್ನು ಮಲಗಿಸಿ ಇಡುವುದೇ ಮೇಲು. ಪೆಟ್ಟಿಗೆಯನ್ನು ಎಲ್ಲಿ ಇಡುತ್ತೀರಿ ಎಂಬುದು ಪೆಟ್ಟಿಗೆಗಿಂತ ಮುಖ್ಯ: ಅಟ್ಟವೂ ಬೇಡ, ನೆಲಮಾಳಿಗೆಯೂ ಬೇಡ, ಹೊರಗೋಡೆಗೆ ತಾಗಿಸಿ ಇಡುವುದೂ ಬೇಡ. ತೇವಾಂಶ ಶೇ. 30ರಿಂದ 50ರ ನಡುವೆ ಹೆಚ್ಚು ಏರಿಳಿತವಿಲ್ಲದೆ ಇದ್ದರೆ ಪಿನ್ನಿಗೆ ತುಕ್ಕು ಹಿಡಿಯುವುದೂ ಹೊಳಪಿನ ಕಾಗದ ಒಂದಕ್ಕೊಂದು ಅಂಟುವುದೂ ತಪ್ಪುತ್ತದೆ. ಹೊಳಪಿಗಾಗಿ ಬಳಿದ ಜೇಡಿಮಣ್ಣಿನ ಲೇಪ ಒಮ್ಮೆ ನೆನೆದು ಒಣಗಿದರೆ ಪುಟಗಳನ್ನು ಬಿಡಿಸಲು ಯಾರಿಂದಲೂ ಆಗದು.

ಅಳತೆಯಲ್ಲಿ ಕಿಟ್ ಎಲ್ಲರಿಗೂ ಹೊಂದುವುದಿಲ್ಲ. ಸಣ್ಣ ಸ್ಲೀವು ಸುಮಾರು 7 ಅಂಗುಲ ಅಗಲ, 10 ಅಂಗುಲ ಎತ್ತರದ ಪಲ್ಪ್ ಪತ್ರಿಕೆಗೆ ಹೇಳಿ ಮಾಡಿಸಿದಂತಿದೆ. ದೊಡ್ಡದು 11 ಅಂಗುಲ ಅಗಲ, 14 ಅಂಗುಲ ಎತ್ತರದ ಸಂಚಿಕೆಗೆ ಸರಿ. ಇವೆರಡರ ನಡುವಿನ ಅಳತೆಯ 'ನ್ಯೂಯಾರ್ಕರ್' ದೊಡ್ಡ ಸ್ಲೀವಿನಲ್ಲಿ ಅತ್ತಿತ್ತ ಜಾರುತ್ತದೆ. 1930ರ ಫೆಬ್ರವರಿಯಲ್ಲಿ ಆರಂಭವಾಗಿ, ಕಸಾಂಡ್ರ್, ಡಿಯೆಗೊ ರಿವೇರಾ ಅವರಂಥವರಿಂದ ಮುಖಪುಟ ಬರೆಸಿದ 'ಫಾರ್ಚೂನ್' ಪತ್ರಿಕೆಯ ಆರಂಭದ ಸಂಚಿಕೆಗಳು ಎಷ್ಟು ದಪ್ಪವೆಂದರೆ, ಸ್ನೇಹಿತರಿಂದ ತಂದ ಒಂದನ್ನು ದೊಡ್ಡ ಸ್ಲೀವಿನಲ್ಲಿ ಅರ್ಧ ತೂರಿಸುವಷ್ಟರಲ್ಲಿ ನಾನೇ ಹೆದರಿ ಕೈಬಿಟ್ಟೆ. ಅಗಲ ಎತ್ತರಗಳ ಜೊತೆಗೆ ದಪ್ಪವನ್ನೂ ಅಳೆದುಕೊಂಡೇ ಸ್ಲೀವು ಆರಿಸಬೇಕು. ಈ ಕಿಟ್ಟಿನ ವಿವರಣೆಯಲ್ಲಿ ದಪ್ಪದ ಮಿತಿಯನ್ನು ಕೊಟ್ಟಿಲ್ಲ.

ಕೈಪಿಡಿಯನ್ನು ಓದದೆ ಎತ್ತಿಟ್ಟರೆ ಒಳ್ಳೆಯದು. ಅಂಚೆಯಲ್ಲಿ ಬಂದ ಸಂಚಿಕೆಯ ಮುಖಪುಟದ ಮೇಲಿನ ಚಂದಾದಾರರ ವಿಳಾಸ ಚೀಟಿಯನ್ನು ಹಗುರ ದ್ರಾವಕ ಹಚ್ಚಿ ಕೀಳಬಹುದೆಂದು ಅದು ಸಲಹೆ ಕೊಡುತ್ತದೆ. ಚೀಟಿಯಿಲ್ಲದ ಪ್ರತಿಗೆ ಸಂಗ್ರಾಹಕರಲ್ಲಿ ಹೆಚ್ಚು ಬೆಲೆಯೆಂಬುದು ನಿಜ. ಆದರೆ ಚೀಟಿಯನ್ನು ಕಿತ್ತ ಜಾಗದಲ್ಲಿ ಉಳಿಯುವ ಗಾಯ ಚೀಟಿಗಿಂತ ಎದ್ದು ಕಾಣುತ್ತದೆ, ದ್ರಾವಕ ಕೆಂಪು ಶಾಯಿಯನ್ನು ಎಳೆದುಕೊಂಡು ಹೋದರಂತೂ ಕೇಳುವುದೇ ಬೇಡ. ಚೀಟಿಯನ್ನು ಪತ್ರಿಕೆಯ ಬಾಳಿನ ಒಂದು ಗುರುತೆಂದು ಒಪ್ಪಿಕೊಂಡವರಿಗೆ ಇನ್ನೊಂದು ಲಾಭವೂ ಇದೆ: ಅಂಥ ಪ್ರತಿಗಳು ಕಡಿಮೆ ಬೆಲೆಗೆ ಸಿಗುತ್ತವೆ.

ಹೊಸದಾಗಿ ಸಂಗ್ರಹ ಆರಂಭಿಸಿದವರು ಇಡೀ ಕಿಟ್ಟನ್ನು ಕೊಳ್ಳಬೇಕೆ ಎಂದು ಕೇಳಿದರೆ, ಬೇಡ ಎನ್ನುತ್ತೇನೆ. ಇದೇ ಸ್ಲೀವುಗಳನ್ನು ತಯಾರಕರು ಬಿಡಿಯಾಗಿಯೂ ಮಾರುತ್ತಾರೆ. ಅವನ್ನು ಕಣ್ಣುಮುಚ್ಚಿ ಕೊಳ್ಳಬಹುದು, ರಟ್ಟನ್ನು ಬೇರೆಡೆ, ಹರಿದು ನೋಡಿದ ಮೇಲೆ. ನಾನು ಮುಂದಿನ ಸಲ ತರಿಸುವುದೂ ಸ್ಲೀವುಗಳನ್ನಷ್ಟೇ. ಮೊದಲ ಕಟ್ಟಿನ ಉಳಿದ ರಟ್ಟುಗಳೂ ತಯಾರಕರು ಬದಲಿಗೆ ಕಳಿಸಿದ ಕಟ್ಟೂ ಮೇಜಿನ ಕೆಳಗಿವೆ. ನನ್ನಲ್ಲಿ ಎರಡೆರಡು ಇರುವ ಸಂಚಿಕೆಗಳನ್ನು ಬೇರೆ ಸಂಗ್ರಾಹಕರಿಗೆ ಅಂಚೆಯಲ್ಲಿ ಕಳಿಸುವಾಗ ಪಾರ್ಸೆಲ್ಲಿನ ಹೊರಪದರಕ್ಕೆ ಅವು ಚೆನ್ನಾಗಿ ಒದಗುತ್ತಿವೆ, ತಲುಪಿದ ಕೂಡಲೇ ಎಸೆಯಿರಿ ಎಂದು ಅವುಗಳ ಮೇಲೆ ಬರೆದೇ ಕಳಿಸುತ್ತೇನೆ.